ಶಾಲೆಯ ಸಹಾಯಾರ್ಥವಾಗಿ ಅದೃಷ್ಟಚೀಟಿ ಎತ್ತಬಹುದೇ?

ಹೋದ ವರ್ಷದ ಕೂಟದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಒಂದು ಸೂಚನೆಯನ್ನು ಮುಂದಿಟ್ಟರು. ವಿದ್ಯಾರ್ಥಿನಿಲಯದ ಸ್ನಾನಗೃಹಗಳ ಮಾಡು ಸೋರುತ್ತಿರುವದರಿಂದ, ಅದರ ದುರಸ್ತಿಗಾಗಿ ನೂರು ರೂಪಾಯಿಯ ಅದೃಷ್ಟಚೀಟಿಗಳನ್ನು ಅಚ್ಚುಹಾಕಿಸಿ, ದಢೇಸುಗೂರು, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿರುವ ಪರಿಚಿತರಿಗೆ ಮಾರಿ, ವಾರ್ಷಿಕೋತ್ಸವದ ದಿನ ಚೀಟಿ ಎತ್ತಿ, ಗೆದ್ದವರಿಗೆ ಹೊಲಿಗೆಯಂತ್ರವೊಂದನ್ನು ಕೊಡಬೇಕೆಂಬದೇ ಆ ಸೂಚನೆ. ಸೂಚಿಸಿದವರ ಪ್ರೀತಿಯನ್ನು ನಾವು ಬಲ್ಲೆವು; ಆದರೂ ಸಮ್ಮತಿಸಲಿಲ್ಲ. ಕೆಲವರಿಗೆ ಬೇಸರವಾಯಿತು. ಪೋಲೀಸ್ ಠಾಣೆಯಿಂದ ಒಂದು ಪರವಾನಿಗೆ ತಂದಿದ್ದರೆ ಮುಗಿಯುತ್ತಿತ್ತಲ್ಲವೇ ಎಂದು ಪಾಲಕರೊಬ್ಬರು ಕೇಳಿದರು. ಆಗ ನಿಂತಲ್ಲೇ ಕೊಟ್ಟ ಉತ್ತರ ಸಾಲದಾದದರಿಂದ ಇಲ್ಲಿ ಸಾವಕಾಶವಾಗಿ ಹೇಳುವೆವು.

ಲಾಟರಿಗೆ ಅಂಗಗಳು ಮೂರು. ಆಡುವವನು ಹಣ ತೆರಬೇಕು; ಬಹುಮಾನವಿರಬೇಕು; ಆ ಬಹುಮಾನ ಯಾರಿಗೆಂಬದು ಕೇವಲ ದೈವಯೋಗದಿಂದ ತೀರ್ಮಾನವಾಗಬೇಕು. ಈ ಮೂರೂ ಕೂಡಿದಲ್ಲಿ ಅದು ಲಾಟರಿಯೇ. ಕೂಪನ್ನೆಂದರೂ ಲಕ್ಕಿ ಡ್ರಾ ಎಂದರೂ ಸಹಾಯಾರ್ಥ ಚೀಟಿ ಎಂದರೂ ಹೆಸರಿನಿಂದ ವಸ್ತು ಬದಲಾಗದು. ಇವುಗಳಲ್ಲಿ ಒಂದು ಅಂಗವನ್ನು ಕಳೆದರೆ ಲಾಟರಿ ಉಳಿಯುವದಿಲ್ಲ. ಬಂದವರಿಗೆಲ್ಲ ಪುಕ್ಕಟೆಯಾಗಿ ಸಂಖ್ಯೆ ಕೊಟ್ಟು, ದಾನವಾಗಿ ಬಂದ ಒಂದು ಸೀರೆಯನ್ನು ಚೀಟಿ ಎತ್ತಿ ಕೊಟ್ಟರೆ ಅಲ್ಲಿ ತೆತ್ತ ಹಣವಿಲ್ಲ. ಆದರೆ ಪ್ರವೇಶಕ್ಕೆ ಐವತ್ತು ರೂಪಾಯಿ ತೆಗೆದುಕೊಂಡು, ಆ ಟಿಕೇಟಿನ ಸಂಖ್ಯೆಯನ್ನೇ ಎತ್ತುವದಾಗಿ ಸಾರಿದರೆ, ಚೀಟಿಯ ಬೆಲೆ ಪ್ರವೇಶದ ಬೆಲೆಯೊಳಗೆ ಅಡಗಿ ಕುಳಿತಿದೆ ಎಂದಷ್ಟೇ ಅರ್ಥ. ಹಿಂದಿನ ಕೆಲವು ವರ್ಷ ನಾವೂ ಹೀಗೆಯೇ ಮಾಡಿದ್ದೇವೆ. ಅರಿಯದೆ ಮಾಡಿದೆವು, ಅರಿತ ಮೇಲೆ ಬಿಟ್ಟೆವು.

ಮೂರನೆಯ ಅಂಗದ ವಿಷಯದಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ವ್ಯಾಜ್ಯವೊಂದುಂಟು. ಬೆಂಗಳೂರಿನಲ್ಲಿ ಮುದ್ರಿತವಾಗುತ್ತಿದ್ದ ಒಂದು ಇಂಗ್ಲಿಷ್ ವಾರಪತ್ರಿಕೆಯು ಪದಬಂಧಗಳಿಗೆ ದೊಡ್ಡ ಬಹುಮಾನಗಳನ್ನು ಸಾರಿ, ಮುಂಬಯಿ ಪ್ರಾಂತದಲ್ಲಿಯೂ ಬಹಳ ಮಂದಿಯಿಂದ ಪ್ರವೇಶಹಣವನ್ನು ಪಡೆಯುತ್ತಿತ್ತು. ಪದಬಂಧ ಬಿಡಿಸುವದು ವಿದ್ಯೆಯಲ್ಲವೇ ಎಂದು ಯಾರಿಗಾದರೂ ತೋರೀತು. ಆದರೆ ೧೯೫೭ರಲ್ಲಿ ಸುಪ್ರೀಂ ಕೋರ್ಟು ನಿಯಮಗಳನ್ನು ಪರಿಶೀಲಿಸಿದಾಗ ಕಂಡದ್ದೇನೆಂದರೆ, ಒಂದು ಮನೆಗೆ ಎರಡು ಮಾತುಗಳು ಹೊಂದುವಲ್ಲಿ ಹೆಚ್ಚು ಒಪ್ಪುವ ಮಾತನ್ನೇ ಆರಿಸಬೇಕೆಂಬ ಕಟ್ಟು ಸ್ಪರ್ಧೆಯ ಮಂಡಳಿಗೆ ಇರಲಿಲ್ಲ. ಬಲ್ಲವನ ಬಲ್ಲತನ ಅಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ. ಅವರು ಆರಿಸಿದ್ದಕ್ಕೆ ಇವನದು ತಾಳೆಯಾಗಬೇಕಿತ್ತು, ಅಷ್ಟೇ. ಆದದರಿಂದ ಅದು ಜೂಜೆಂದೂ, ಜೂಜು ವ್ಯಾಪಾರವೆನಿಸಿಕೊಳ್ಳಲಾರದೆಂದೂ ತೀರ್ಪಾಯಿತು. ಉಪಾಧ್ಯಾಯರಾದ ನಮಗೆ ಈ ತೀರ್ಪು ಬಹಳ ಹಿಡಿಸಿದೆ. ಪ್ರಶ್ನೆಪತ್ರಿಕೆ ತಯಾರಿಸುವವರೆಲ್ಲರೂ ಇದನ್ನೊಮ್ಮೆ ಓದಬೇಕು.

ಇಂಥ ಸ್ಪರ್ಧೆಗಳಿಗಾಗಿ ೧೯೫೫ರಲ್ಲಿಯೇ ಕೇಂದ್ರ ಶಾಸನವೊಂದು ಬಂದಿತ್ತು. ಅದು ಅನ್ವಯಿಸುವ ಸಂಸ್ಥಾನಗಳ ಪಟ್ಟಿಯಲ್ಲಿ ಆಗ ನಾವಿದ್ದ ಹೈದರಾಬಾದು ಸೇರಿತ್ತು. ಅಕ್ಷರ, ಪದ, ಅಂಕಿಗಳ ಒಗಟಿನ ಸ್ಪರ್ಧೆಯಲ್ಲಿ ತಿಂಗಳೊಂದಕ್ಕೆ ಬಹುಮಾನದ ಒಟ್ಟು ಬೆಲೆ ಸಾವಿರ ರೂಪಾಯಿ ಮೀರಕೂಡದು. ಅದಕ್ಕೊಳಪಟ್ಟವರೂ ಲೈಸೆನ್ಸು ಪಡೆದು ಲೆಕ್ಕ ಒಪ್ಪಿಸಬೇಕು ಎಂದು ಅದರ ವಿಧಿ.

ನಮ್ಮ ಹೊಳೆಯ ಮಾತೂ ಇಲ್ಲಿ ಬರುವದು. ತುಂಗಭದ್ರೆಯ ಈ ದಡದಲ್ಲಿ ಒಂದು ಕಾಲಕ್ಕೆ ಫಸಲಿ ೧೩೦೫ರ ಹೈದರಾಬಾದು ಜೂಜಿನ ಕಾಯಿದೆ. ಆಚೆಯ ಸಿರುಗುಪ್ಪದ ದಡದಲ್ಲಿ ೧೯೩೦ರ ಮದ್ರಾಸು ಕಾಯಿದೆ. ೧೯೫೩ರಲ್ಲಿ ಆ ದಡವೂ ೧೯೫೬ರಲ್ಲಿ ಈ ದಡವೂ ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ, ೧೯೬೩ರ ಪೋಲೀಸು ಕಾಯಿದೆ ಎರಡಕ್ಕೂ ಒಂದೇ ಆಯಿತು.

ಈಗ ಆ ಪಾಲಕರ ಪ್ರಶ್ನೆಗೆ ಬರುವೆವು. ಪೋಲೀಸು ಕಾಯಿದೆಯು ಜೂಜು ಎಂಬ ಶಬ್ದಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಲಾಟರಿಯನ್ನು ಹೊರಗಿಟ್ಟಿದೆ. ಲಾಟರಿಯ ನಿಷೇಧವಿರುವದು ದಂಡಸಂಹಿತೆಯಲ್ಲಿ. ೧೮೭೦ರಲ್ಲಿ ಭಾರತೀಯ ದಂಡಸಂಹಿತೆಗೆ ಸೇರಿದ ೨೯೪-ಎ ಕಲಮೇ ೨೦೨೪ರ ಜುಲೈ ೧ರಿಂದ ನ್ಯಾಯಸಂಹಿತೆಯ ೨೯೭ನೆಯ ಕಲಮಾಗಿ ಮುಂದುವರಿದಿದೆ. ಸರಕಾರದ ಲಾಟರಿಯಾಗಲಿ ರಾಜ್ಯ ಸರಕಾರದ ಅಧಿಕಾರ ಪಡೆದದ್ದಾಗಲಿ ಅಲ್ಲದ ಲಾಟರಿಯನ್ನು ಎತ್ತಲು ಸ್ಥಳವಿಟ್ಟವರಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಅದನ್ನು ಪ್ರಕಟಿಸಿದವರಿಗೆ ಐದು ಸಾವಿರ ರೂಪಾಯಿವರೆಗೆ ದಂಡ. ಅಂದರೆ ಅಧಿಕಾರ ಕೊಡತಕ್ಕದ್ದು ರಾಜ್ಯ ಸರಕಾರವೇ ಹೊರತು ಠಾಣೆಯಲ್ಲ, ಪಂಚಾಯತಿಯಲ್ಲ, ತಹಸೀಲದಾರರೂ ಅಲ್ಲ. ಆ ಸರಕಾರವೋ ೨೦೦೭ರಲ್ಲಿ ರಾಜ್ಯದೊಳಗೆ ಲಾಟರಿಗಳನ್ನೇ ನಿಲ್ಲಿಸಿತು. ಹೀಗಿರುವಲ್ಲಿ ಮೊದಲು ಚೀಟಿ ಅಚ್ಚುಹಾಕಿಸಿ ಆಮೇಲೆ ಅಪ್ಪಣೆ ಕೇಳೋಣವೆಂಬದು ನಮಗೆ ಸರಿದೋರಲಿಲ್ಲ. ಚೀಟಿಯ ಪುಸ್ತಕ ಹಿಡಿದು ಮನೆಮನೆಗೆ ಹೋಗತಕ್ಕವರು ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗಿಯರು; ಯಾರಾದರೂ ತಡೆದು ಕೇಳಿದರೆ ಉತ್ತರ ಕೊಡಬೇಕಾದವರೂ ಮೊದಲು ಅವರೇ.

ಹೌಸಿ ಅಥವಾ ತಂಬೋಲಾ ಆಡೋಣವೆಂದು ಬೆಂಗಳೂರಿನಲ್ಲಿರುವ ಕೆಲವರು ಬರೆದಿದ್ದರು. ಅದು ಸಂಖ್ಯೆ ಕೂಗುವ ಆಟ, ಶುದ್ಧ ದೈವಯೋಗದ್ದು. ಪೋಲೀಸು ಕಾಯಿದೆಯ ೧೭೬ನೆಯ ಕಲಮು ಕೌಶಲ್ಯದ ಆಟಕ್ಕೆ ವಿನಾಯಿತಿ ಕೊಟ್ಟಿದೆಯೇ ಹೊರತು ಸದುದ್ದೇಶದ ಆಟಕ್ಕಲ್ಲ. ಕ್ಲಬ್ಬುಗಳಲ್ಲಿ ಆಡುವರಲ್ಲಾ ಎಂದರೆ, ಆಡುವರು, ನಿಜ, ಶಾಲೆ ಕ್ಲಬ್ಬಲ್ಲ. ಮೊಬೈಲಿನಲ್ಲಿಯೇ ಹಣ ಕಟ್ಟಿಸಿಕೊಂಡು ಆಡಿಸೋಣವೆಂದವರಿಗೆ ಇನ್ನೂ ಸ್ಪಷ್ಟವಾಗಿ ಬೇಡವೆಂದೆವು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಸನವು, ಹಣ ಕಟ್ಟಿ ಹಣದ ಆಸೆಯಿಂದ ಆಡುವ ಆನ್‌ಲೈನ್ ಆಟಗಳನ್ನು, ಕೌಶಲ್ಯದ್ದಾದರೂ ಸರಿಯೇ, ನಿಷೇಧಿಸುವದು.

ಪರದೇಶದಲ್ಲಿ ನೆಲಸಿದ ನಮ್ಮ ಹುಡುಗಿಯರು ಅಲ್ಲಿಯ ರೂಢಿಯನ್ನು ಕಂಡೇ ಈ ಸೂಚನೆ ಮಾಡಿರಬಹುದು. ಇಂಗ್ಲೆಂಡಿನಲ್ಲಿ ೧೯೩೪ರ ಶಾಸನವೇ ಸಹಾಯಾರ್ಥ ಬಜಾರುಗಳ ಚಿಕ್ಕ ಲಾಟರಿಗೆ ಎಡೆಕೊಟ್ಟಿತ್ತು. ಬಹುಮಾನ ನಗದಾಗಿರಬಾರದು, ಟಿಕೇಟು ಆ ಸ್ಥಳದಲ್ಲಿ ಆ ಹೊತ್ತಿನಲ್ಲಿಯೇ ಮಾರಬೇಕು, ಲಾಭ ಖಾಸಗಿಯವರಿಗೆ ಹೋಗಬಾರದು ಎಂಬ ಕಟ್ಟಳೆಗಳೊಡನೆ. ಅದು ಒಳ್ಳೆಯ ಏರ್ಪಾಡೆಂದು ನಮ್ಮ ಅಭಿಪ್ರಾಯ. ನಮ್ಮಲ್ಲಿಯೂ ಹಾಗೊಂದಿದ್ದರೆ ನಾವು ಮೊದಲು ಅರ್ಜಿ ಹಾಕುವವರು.

ಹಾಗಾದರೆ ಮಾಡು ಸೋರುತ್ತಲೇ ಇರಲೋ? ಇಲ್ಲ. ಸುಗ್ಗಿಯ ಆರಾಧನೆಯಲ್ಲಿ ಭತ್ತದ ಚೀಲ, ಕುಂಬಳಕಾಯಿ, ಕೋಳಿಗಳನ್ನು ಸವಾಲು ಹಾಕುವದು ನಮಗೆ ಚಿಕ್ಕಂದಿನಿಂದ ಗೊತ್ತಿರುವ ಪದ್ಧತಿ. ಸವಾಲಿನಲ್ಲಿ ಹೆಚ್ಚು ಕೂಗಿದವರಿಗೆ ವಸ್ತು. ದೈವಯೋಗಕ್ಕೆ ಸ್ಥಳವೇ ಇಲ್ಲ. ಕಸೂತಿ, ರಂಗೋಲಿ, ಪ್ರಶ್ನೋತ್ತರ ಸ್ಪರ್ಧೆಗಳಿಗೆ ಪ್ರವೇಶಶುಲ್ಕವಿಡಬಹುದು, ತೀರ್ಪು ಯೋಗ್ಯತೆಯಿಂದಲೇ ಆಗುವದಾದರೆ. ಬಹುಮಾನಗಳು ಶುಲ್ಕದ ಹಣದಿಂದಲ್ಲ, ದಾನದಿಂದ ಬರಲೆಂಬದು ನಮ್ಮ ಮತ. ಬಾಟಲಿಯಲ್ಲಿಯ ಕಡಲೆಕಾಳೆಷ್ಟೆಂದು ಊಹಿಸುವ ಆಟವನ್ನು ಮಾತ್ರ ಈ ಸಲ ಬಿಟ್ಟಿದ್ದೇವೆ. ಅದು ಗಣಿತವೆಂದು ಗಣಿತದ ಉಪಾಧ್ಯಾಯಿನಿಯವರು ಇನ್ನೂ ವಾದಿಸುತ್ತಿದ್ದಾರೆ.

ಅಪ್ಪಣೆ ಬೇಕಾದದ್ದು ಧ್ವನಿವರ್ಧಕಕ್ಕೆ. ಅದನ್ನು ಅಧಿಕಾರಿಗಳಿಂದ ಲಿಖಿತವಾಗಿ ಪಡೆಯುವೆವು; ರಾತ್ರಿ ಹತ್ತರ ಮೇಲೆ ಹೇಗೂ ಹಾಕಕೂಡದು. ಹೊಲಿಗೆಯಂತ್ರವನ್ನು ಕೊಡಲು ಒಪ್ಪಿದ್ದ ಹಳೆಯ ವಿದ್ಯಾರ್ಥಿನಿಯು ಅದನ್ನು ಹಾಗೆಯೇ ಶಾಲೆಗೆ ಕಳುಹಿಸಿದ್ದಾಳೆ. ಈ ವರ್ಷದ ವಾರ್ಷಿಕೋತ್ಸವದ ದಿನ ಊಟವಾದ ಮೇಲೆ, ಮೂರು ಗಂಟೆಗೆ, ಬೇವಿನ ಮರದ ಕೆಳಗೆ ಅದು ಸವಾಲಿಗೆ ಬರುವದು.