ಮುಂದಿನ ಮರಿಯನ್ನು ಮುಟ್ಟುವ ಮುನ್ನ

ನಿನ್ನ ಹೊಸ ಕ್ಲಿನಿಕ್ ನೋಡಿ ಸಂತೋಷವಾಯಿತು ತಮ್ಮಾ. ಸ್ಟೀಲ್ ಟೇಬಲ್, ತೂಕದ ಯಂತ್ರ, ಲಸಿಕೆಗೆಂದೇ ಬೇರೆ ಫ್ರಿಜ್, ಎಲ್ಲ ಚೊಕ್ಕವಾಗಿದೆ. ಕೈ ತೊಳೆಯುವ ಬೇಸಿನ್ ಮಾತ್ರ ಹಿಂದಿನ ಕೋಣೆಯಲ್ಲಿ, ಔಷಧದ ಡಬ್ಬಗಳ ಆಚೆ ಇದೆ. ಸಂಜೆ ಹೊತ್ತು ಬೆಂಚಿನ ತುಂಬ ನಾಯಿ-ಬೆಕ್ಕು ಕಾಯುತ್ತಿರುವಾಗ ಅಷ್ಟು ದೂರ ಯಾರೂ ಹೋಗುವುದಿಲ್ಲ, ನೀನೂ ಹೋಗುವುದಿಲ್ಲ. ಪ್ಲಂಬರನನ್ನು ಕರೆಸಿ ಟೇಬಲ್ಲಿನ ಪಕ್ಕದಲ್ಲೇ ಒಂದು ನಲ್ಲಿ ಹಾಕಿಸು. ಮೊಣಕೈಯಿಂದ ತಿರುಗಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಸ್ಯಾನಿಟೈಸರ್ ಬಾಟಲಿ ಇದೆಯಲ್ಲ ಅನ್ನುತ್ತೀಯ. ಇರಲಿ, ಕೈ ಕೊಳೆಯಾಗದಿದ್ದಾಗ ಅದು ಸಾಕು. ಇಪ್ಪತ್ತು-ಮೂವತ್ತು ಸೆಕೆಂಡು, ಒಣಗುವ ತನಕ ಉಜ್ಜಬೇಕು ಅಷ್ಟೆ. ಆದರೆ ನಾಯಿಮರಿಗಳಿಗೆ ರಕ್ತಭೇದಿ ತರುವ ಪಾರ್ವೋ ವೈರಸ್ ಅದಕ್ಕೆ ಬಗ್ಗುವುದಿಲ್ಲ. ಕೊರೋನಾದಂಥ ವೈರಸ್ಸುಗಳು ಆಲ್ಕೋಹಾಲಿಗೆ ಬೇಗ ಸಾಯುವುದು ಅವುಗಳ ಕೊಬ್ಬಿನ ಹೊರಪೊರೆ ಕರಗುವುದರಿಂದ. ಪಾರ್ವೋಗೆ ಆ ಪೊರೆಯೇ ಇಲ್ಲ. ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರುವ ಗಟ್ಟಿ ಪಿಂಡ ಅದು. ಈಗ ಯೋಚಿಸು: ರಕ್ತಭೇದಿಯ ಮರಿಗೆ ಡ್ರಿಪ್ ಹಾಕಿದ ಕೈಯೇ, ಮೊದಲ ಲಸಿಕೆಗೆ ಬಂದ ಮರಿಯ ಬಾಯಿ ಬಿಡಿಸಿ ನೋಡುತ್ತದೆ. ವಾರದೊಳಗೆ ಆ ಮರಿ ವಾಂತಿ ಶುರುಮಾಡಿದರೆ ಮನೆಯವರು ಲಸಿಕೆಯನ್ನು ಬೈಯುತ್ತಾರೆ. ನಿನ್ನ ಕೈಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ನಿನಗೂ ಬರುವುದಿಲ್ಲ! ಇಂಥಲ್ಲಿ ಸೋಪು ಹಚ್ಚಿ, ಹರಿಯುವ ನೀರಲ್ಲಿ ತೊಳೆದು ವೈರಸ್ಸನ್ನು ಚರಂಡಿಗೆ ಕಳಿಸುವುದೊಂದೇ ದಾರಿ. ಪರ್ಷಿಯನ್ ಬೆಕ್ಕುಗಳು ಹೊತ್ತು ತರುವ ಹುಳುಕಡ್ಡಿಯ ಬೀಜಾಣುವಿಗೂ ಇದೇ ಮಾತು. ಅದು ಹುಡುಗರ ಕೈಗೂ ಅಂಟುತ್ತದೆ.

ತೊಳೆಯುವಾಗ ಎಲ್ಲರೂ ಅಂಗೈ ಚೆನ್ನಾಗಿ ಉಜ್ಜುತ್ತಾರೆ. ಹೆಬ್ಬೆರಳು, ಬೆರಳ ತುದಿ, ಉಗುರಿನ ಸಂದು ಹಾಗೇ ಉಳಿದುಬಿಡುತ್ತವೆ. ನಾವು ಪ್ರಾಣಿಯನ್ನು ಮುಟ್ಟುವುದು ಮುಖ್ಯವಾಗಿ ಅವುಗಳಿಂದಲೇ. ಉಂಗುರ, ಕೈಗಡಿಯಾರ ಡ್ರಾಯರಿನಲ್ಲಿರಲಿ. ಗೋಡೆಯ ಮೊಳೆಗೆ ವಾರವಿಡೀ ಒಂದೇ ಟವೆಲ್ ನೇತಾಡುವುದನ್ನು ಬಹಳ ಕಡೆ ನೋಡಿದ್ದೇನೆ. ಅದರಲ್ಲಿ ಒರೆಸಿಕೊಂಡರೆ ತೊಳೆದದ್ದು ದಂಡ. ಪೇಪರ್ ಟವೆಲ್ ಇಡು, ಇಲ್ಲವೇ ಒಬ್ಬರು ಒಮ್ಮೆ ಒರೆಸಿ ಒಗೆಯಲು ಹಾಕುವ ಸಣ್ಣ ಬಟ್ಟೆತುಂಡು ಇಡು. ಒಂದು ಡಬ್ಬಿ ಕೈಗೆ ಹಚ್ಚುವ ಕ್ರೀಮೂ ಇರಲಿ, ಬಿರುಕುಬಿಟ್ಟ ಚರ್ಮ ರೋಗಾಣುಗಳಿಗೆ ತೆರೆದ ಬಾಗಿಲು.

ಗ್ಲೌಸ್ ಹಾಕಿದೆವೆಂದು ಧೈರ್ಯ ಬೇಡ. ಅದೇ ಗ್ಲೌಸಿನಲ್ಲಿ ಫೋನ್ ಎತ್ತುವ, ಫ್ರಿಜ್ ತೆರೆಯುವ, ಬಿಲ್ ಬರೆಯುವ ಡಾಕ್ಟರುಗಳಿದ್ದಾರೆ. ಒಂದು ಪ್ರಾಣಿ ಮುಗಿದ ಕೂಡಲೇ ಬಿಚ್ಚಿ ಎಸೆ, ಎಸೆದ ಮೇಲೂ ತೊಳೆ. ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಬಿಚ್ಚುವಾಗಲೂ ಕೈಗೆ ತಾಗುತ್ತದೆ.

ಇನ್ನು ನಿನ್ನ ಅಟೆಂಡರ್ ಹುಡುಗ. ನಾಯಿಯನ್ನು ಹಿಡಿದುಕೊಳ್ಳುವವನು, ಪಂಜರ ತೊಳೆಯುವವನು, ಉಚ್ಚೆ ಒರೆಸುವವನು ಅವನು. ಇಲಿಜ್ವರ ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಬರುತ್ತದೆಂದು ಅವನಿಗೆ ಯಾರಾದರೂ ಹೇಳಿದ್ದಾರೆಯೇ? ಪಂಜರ ತೊಳೆದ ಕೈಯಲ್ಲೇ ಟೀ-ಬನ್ ತಿನ್ನುವುದನ್ನು ಮೊನ್ನೆ ಕಂಡೆ. ಬೈಯಬೇಡ. ಗೋಡೆಗೆ ಅಂಟಿಸಿದ ಚಾರ್ಟನ್ನೂ ಅವನು ಓದುವುದಿಲ್ಲ, ನಿನ್ನನ್ನು ನೋಡುತ್ತಾನೆ. ಪ್ರತಿ ಪ್ರಾಣಿಗೆ ಮುಂಚೆ, ಆಮೇಲೆ, ಅವನ ಕಣ್ಣೆದುರೇ ನೀನು ತೊಳೆ. ತಿಂಗಳೊಳಗೆ ಅವನೂ ತೊಳೆಯುತ್ತಾನೆ.

ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ಜೊಲ್ಲು ಬಿದ್ದರೆ ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದು ಅವನಿಗೆ ಬಾಯಿಪಾಠ ಮಾಡಿಸು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಕಚ್ಚುವ ಮೊದಲೇ ಹಾಕಿಸುವ ರೇಬೀಸ್ ಲಸಿಕೆ ನೀನು ಹಾಕಿಸಿಕೊಂಡಿದ್ದೀಯ, ಅವನಿಗೆ ಆಗಿಲ್ಲ. ಈ ವಾರವೇ ಹಾಕಿಸು. ದುಡ್ಡು ಅವನ ಸಂಬಳದಿಂದ ಹಿಡಿಯಬೇಡ.