ರೋಜಾ ಮತ್ತು ಜಕಾತ್: ಇಸ್ಲಾಂ ಧರ್ಮದ ಎರಡು ಕರ್ತವ್ಯಗಳು

ಅನ್ನ ಮತ್ತು ಹಣ ಇವೆರಡೂ ಮನುಷ್ಯನನ್ನು ಬಲವಾಗಿ ಹಿಡಿದುಕೊಳ್ಳುವ ವಸ್ತುಗಳು. ಇವುಗಳ ಮೇಲಣ ಆಸೆಯನ್ನು ಗೆದ್ದವನು ತನ್ನ ಮನಸ್ಸನ್ನೇ ಗೆದ್ದನೆಂದು ಹಿರಿಯರು ಬಗೆದಿರುವರು. ಆದುದರಿಂದಲೇ ಲೋಕದ ಬಹುತೇಕ ಮತಗಳಲ್ಲಿ ಉಪವಾಸಕ್ಕೂ ದಾನಕ್ಕೂ ಹಿರಿದಾದ ಸ್ಥಾನವಿದೆ. ಇಸ್ಲಾಂ ಧರ್ಮವಾದರೋ ಇವೆರಡನ್ನೂ ಇಷ್ಟವಿದ್ದವರು ಮಾಡುವ ಪುಣ್ಯಕಾರ್ಯವೆಂದು ಬಿಡದೆ, ಶಕ್ತರೆಲ್ಲರೂ ಮಾಡಲೇಬೇಕಾದ ಕರ್ತವ್ಯವೆಂದು ವಿಧಿಸಿದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕನ್ನಡಿಗರಾದ ನಾವು ನಾನಾ ಮತದ, ನಾನಾ ಭಾಷೆಯ ಜನರೊಡನೆ ಒಂದೇ ಚಾಳಿನಲ್ಲಿ, ಒಂದೇ ಲೋಕಲ್ ಗಾಡಿಯಲ್ಲಿ ಬಾಳುತ್ತಿರುವೆವು. ಈದ್ ಹಬ್ಬದಂದು ನೆರೆಯವರು ಪ್ರೀತಿಯಿಂದ ಕೊಟ್ಟ ಶೀರ್ ಖುರ್ಮಾವನ್ನು ಸವಿದರಷ್ಟೇ ಸಾಲದು. ಆ ಹಬ್ಬದ ಹಿಂದೆ ನಡೆದ ಒಂದು ತಿಂಗಳ ಸಾಧನೆ ಯಾವುದೆಂಬುದನ್ನೂ ನಾವು ತಿಳಿಯಬೇಕು.

ವಿದ್ಯಾರ್ಥಿಮಿತ್ರರೇ, 'ಜಕಾತ್' ಎಂಬ ಶಬ್ದ ನಮಗೆ ಹೊಸತೇನೂ ಅಲ್ಲ. ಊರೊಳಗೆ ಬರುವ ಸರಕಿನ ಮೇಲಣ ಸುಂಕಕ್ಕೆ ಕನ್ನಡದಲ್ಲಿ ಜಕಾತಿಯೆಂದೂ ಮರಾಠಿಯಲ್ಲಿ ಜಕಾತವೆಂದೂ ಹೆಸರು. ಮುಲುಂಡ್, ಐರೋಲಿ, ವಾಶಿಗಳ ಕಡೆಯಿಂದ ಮುಂಬಯಿಯನ್ನು ಹೊಗುವಲ್ಲಿ ಹಿಂದೆ ಜಕಾತಿಯ ನಾಕೆಗಳಿದ್ದುವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಆ ಸುಂಕವು ನಿಂತುಹೋಯಿತು. ಲಾರಿಗಳ ಸಾಲಿನ ಈ ಶಬ್ದದ ಮೂಲವು ಅರಬ್ಬಿ ಭಾಷೆಯ ಒಂದು ಧಾರ್ಮಿಕ ಶಬ್ದವಾಗಿದೆ. ಅಲ್ಲಿ ಅದಕ್ಕೆ ಶುದ್ಧಿಯೆಂದೂ ವೃದ್ಧಿಯೆಂದೂ ಅರ್ಥ. ಗಳಿಸಿದ ಹಣದಲ್ಲಿ ಬಡವರ ಪಾಲನ್ನು ತೆಗೆದುಕೊಟ್ಟರೆ ಉಳಿದ ಹಣವು ಶುದ್ಧವಾಗುವುದೆಂಬುದು ಇದರ ಭಾವ.

ಐದು ಕಂಬಗಳು

ಇಸ್ಲಾಂ ಧರ್ಮವು ಐದು ಕಂಬಗಳ ಮೇಲೆ ನಿಂತಿದೆಯೆಂದು ಹೇಳುವುದುಂಟು. ದೇವರು ಒಬ್ಬನೇ, ಮಹಮ್ಮದರು ಆತನ ಪ್ರವಾದಿಗಳು ಎಂಬ ಸಾಕ್ಷ್ಯವಚನ ಮೊದಲನೆಯದು. ದಿನಕ್ಕೆ ಐದು ಬಾರಿ ಮಾಡುವ ನಮಾಜು ಎರಡನೆಯದು, ಜಕಾತ್ ಮೂರನೆಯದು, ರಂಜಾನ್ ತಿಂಗಳ ರೋಜಾ ನಾಲ್ಕನೆಯದು, ಶಕ್ತಿಯುಳ್ಳವರು ಜೀವಮಾನದಲ್ಲಿ ಒಮ್ಮೆ ಮಾಡುವ ಮಕ್ಕಾಯಾತ್ರೆ, ಅಂದರೆ ಹಜ್, ಐದನೆಯದು. ಇವುಗಳಲ್ಲಿ ರೋಜಾ ದೇಹಕ್ಕೆ ಸಂಬಂಧಿಸಿದ್ದು, ಜಕಾತ್ ಧನಕ್ಕೆ ಸಂಬಂಧಿಸಿದ್ದು. ಇವೆರಡೂ ಒಂದಕ್ಕೊಂದು ಹೇಗೆ ಪೂರಕವಾಗಿವೆಯೆಂಬುದನ್ನು ಮುಂದೆ ನೋಡೋಣ.

ರೋಜಾ

ರೋಜಾ ಎಂಬುದು ಪಾರಸಿ ಶಬ್ದ. 'ರೋಜ್' ಎಂದರೆ ದಿನ. ಅರಬ್ಬಿಯಲ್ಲಿ ಇದನ್ನು ಸೌಮ್ ಎನ್ನುವರು. ತಡೆದುಕೊಳ್ಳುವುದು ಎಂದು ಅದರ ಅರ್ಥ. ದಕ್ಷಿಣ ಕನ್ನಡದ ಬ್ಯಾರಿ ಜನರು ಇದಕ್ಕೆ 'ನೋಂಬು' ಎನ್ನುತ್ತಾರೆ. ವ್ರತವೆಂಬ ಅರ್ಥದಲ್ಲಿ ಜೈನರು ಬಳಸುವ 'ನೋಂಪಿ' ಎಂಬ ಹಳೆಯ ಕನ್ನಡ ಶಬ್ದವನ್ನು ಬಲ್ಲವರಿಗೆ ಈ ಎರಡು ಮಾತುಗಳ ನಂಟು ಕೂಡಲೇ ಹೊಳೆಯುವುದು.

ಹಿಜರಿ ಶಕೆಯ ಎರಡನೆಯ ವರ್ಷದಲ್ಲಿ, ಎಂದರೆ ಕ್ರಿ. ಶ. 624ರಲ್ಲಿ, ರಂಜಾನ್ ತಿಂಗಳ ಉಪವಾಸವು ಕಡ್ಡಾಯವಾಯಿತು. ಬೆಳಗಿನ ಜಾವ ಮೂಡಣದಲ್ಲಿ ಬೆಳಕಿನ ಗೆರೆ ಕಾಣುವ ಮೊದಲು ಸಹರಿಯ ಊಟ. ಅಲ್ಲಿಂದ ಸೂರ್ಯಾಸ್ತದವರೆಗೆ ಅನ್ನವೂ ಇಲ್ಲ, ಒಂದು ಗುಟುಕು ನೀರೂ ಇಲ್ಲ. ಸೂರ್ಯ ಮುಳುಗಿದೊಡನೆ ಖರ್ಜೂರ, ನೀರುಗಳಿಂದ ಇಫ್ತಾರ್. ಹಿಜರಿ ವರ್ಷವು ಚಾಂದ್ರಮಾನದ್ದಾಗಿ ಸುಮಾರು 354 ದಿನಗಳುಳ್ಳದ್ದು. ನಮ್ಮ ಪಂಚಾಂಗದಂತೆ ಅಧಿಕ ಮಾಸವನ್ನು ಸೇರಿಸುವ ಪದ್ಧತಿ ಅದರಲ್ಲಿಲ್ಲ. ಆದಕಾರಣ ರಂಜಾನ್ ವರ್ಷವರ್ಷಕ್ಕೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುವುದು. ನಮ್ಮ ದೇಶದಲ್ಲಿ 2016ರಲ್ಲಿ ಮೊದಲನೆಯ ರೋಜಾ ಜೂನ್ 7ರಂದು, 2025ರಲ್ಲಿ ಮಾರ್ಚ್ 2ರಂದು ಬಂದಿತು. ಸುಮಾರು 33 ವರ್ಷಗಳಲ್ಲಿ ಇದು ಎಲ್ಲ ಋತುಗಳನ್ನೂ ಸುತ್ತಿಬರುವುದು. ನಮ್ಮ ಠಾಣೆ ಜಿಲ್ಲೆಯಲ್ಲಿ ಜೂನ್ ತಿಂಗಳಲ್ಲಾದರೆ ಉಪವಾಸವು ಹದಿನಾಲ್ಕೂವರೆ ಗಂಟೆಗಳಷ್ಟು ದೀರ್ಘವಾಗುವುದು; ಡಿಸೆಂಬರಿನಲ್ಲಾದರೆ ಸುಮಾರು ಎರಡು ಗಂಟೆ ಕಡಿಮೆಯಾಗುವುದು.

ಈ ವಿಧಿಯಲ್ಲಿ ಕಟ್ಟುನಿಟ್ಟು ಇರುವಂತೆ ಕರುಣೆಯೂ ಇದೆ. ಚಿಕ್ಕ ಮಕ್ಕಳಿಗೆ ರೋಜಾ ಕಡ್ಡಾಯವಲ್ಲ. ರೋಗಿಗಳು, ಪ್ರಯಾಣಿಕರು, ಉಪವಾಸದಿಂದ ಬಾಧೆಯಾಗುವ ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಆಗ ಬಿಟ್ಟು, ಬೇರೆ ದಿನಗಳಲ್ಲಿ ಆ ಲೆಕ್ಕವನ್ನು ತುಂಬಬಹುದು. ಮುಂದೆಯೂ ಉಪವಾಸ ಮಾಡಲಾರದ ವೃದ್ಧರು ಬಿಟ್ಟ ಒಂದೊಂದು ದಿನಕ್ಕೆ ಒಬ್ಬ ಬಡವನಿಗೆ ಉಣಬಡಿಸಬೇಕು. ಇಲ್ಲಿ ಗಮನಿಸತಕ್ಕ ಮಾತೊಂದುಂಟು: ಹಸಿವನ್ನು ತಾನು ಅನುಭವಿಸಲಾರದವನು ಮತ್ತೊಬ್ಬನ ಹಸಿವನ್ನು ನೀಗಬೇಕು. ಉಪವಾಸವೂ ದಾನವೂ ಒಂದೇ ತಕ್ಕಡಿಯ ಎರಡು ತಟ್ಟೆಗಳೆಂಬುದು ಇದರಿಂದ ಸ್ಪಷ್ಟವಾಗುವುದು.

ಹೊಟ್ಟೆಯನ್ನು ಬರಿದಾಗಿಸಿದ ಮಾತ್ರಕ್ಕೆ ರೋಜಾ ಪೂರ್ಣವಾಗದು. ಸುಳ್ಳನ್ನೂ ಕೆಟ್ಟ ನಡತೆಯನ್ನೂ ಬಿಡದವನು ಅನ್ನಪಾನಗಳನ್ನು ಬಿಟ್ಟು ದೇವರಿಗೆ ಆಗಬೇಕಾದುದೇನೂ ಇಲ್ಲವೆಂದು ಪ್ರವಾದಿಗಳು ಬೋಧಿಸಿರುವರು. ನಾಲಗೆಗೂ ಕಣ್ಣಿಗೂ ಕೈಗೂ ಉಪವಾಸವುಂಟು.

ಡೊಂಬಿವಲಿಯಿಂದ ಠಾಣೆಯ ಕಡೆಗೆ ಹೋಗುವ ನಿಧಾನಗಾಡಿಯು ಕೋಪರ್, ದಿವಾಗಳನ್ನು ದಾಟಿ ಮುಂಬ್ರಾ ನಿಲ್ದಾಣದಲ್ಲಿ ನಿಲ್ಲುವುದು. ರಂಜಾನಿನ ಸಂಜೆ ಕೆಲಸದಿಂದ ಮರಳುವವರು ಮನೆ ತಲುಪುವ ಮೊದಲೇ ಹೊತ್ತು ಮುಳುಗಿದರೆ, ನೂಕುನುಗ್ಗಲಿನ ನಡುವೆಯೇ ಚೀಲದಿಂದ ಒಂದು ಖರ್ಜೂರವನ್ನು ತೆಗೆದು ರೋಜಾ ಬಿಡುವುದನ್ನು ನಾವು ಕಾಣುತ್ತೇವೆ. ದಿನವೆಲ್ಲ ಹಸಿದವನು ಮೊದಲು ಪಕ್ಕದವನ ಮುಂದೆ ಖರ್ಜೂರದ ಪೊಟ್ಟಣವನ್ನು ಹಿಡಿದು ಆಮೇಲೆ ತಾನು ಬಾಯಿಗಿಡುವುದೂ ಅಪರೂಪವಲ್ಲ. ಪುಸ್ತಕದಲ್ಲಿ ಓದಿದ ಪಾಠವು ನಡತೆಗೆ ಬರುವುದೆಂದರೆ ಇದೇ.

ಜಕಾತ್

ಹಸಿವೆಯೇನೆಂಬುದನ್ನು ರೋಜಾ ಕಲಿಸಿತು. ಆದರೆ ಅರಿವು ಮಾತ್ರದಿಂದ ಬಡವನ ಒಲೆ ಉರಿಯದು. ಅದಕ್ಕಾಗಿ ಜಕಾತ್ ಇದೆ. ಜಕಾತನ್ನು ರಂಜಾನಿನಲ್ಲಿಯೇ ಕೊಡಬೇಕೆಂಬ ನಿಯಮವಿಲ್ಲದಿದ್ದರೂ, ಆ ತಿಂಗಳಲ್ಲಿ ಮಾಡಿದ ಸತ್ಕಾರ್ಯಕ್ಕೆ ಹೆಚ್ಚಿನ ಫಲವೆಂದು ನಂಬಿ ಬಹು ಮಂದಿ ಆಗಲೇ ಲೆಕ್ಕ ಮಾಡುವರು.

ಜಕಾತ್ ಎಲ್ಲರಿಗೂ ಕಡ್ಡಾಯವಲ್ಲ. ನಿಸಾಬ್ ಎಂಬ ಮಿತಿಗಿಂತ ಹೆಚ್ಚು ಸಂಪತ್ತು ಚಾಂದ್ರಮಾನದ ಒಂದು ವರ್ಷ ಯಾರಲ್ಲಿ ಇರುವುದೋ ಅವರು ಮಾತ್ರ ಕೊಡಬೇಕು. ಏಳೂವರೆ ತೊಲೆ ಚಿನ್ನ ಅಥವಾ ಐವತ್ತೆರಡೂವರೆ ತೊಲೆ ಬೆಳ್ಳಿ ಎಂಬುದು ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಮಿತಿ. ಈಗಿನ ತೂಕದಲ್ಲಿ ಇದು ಕ್ರಮವಾಗಿ 87.48 ಗ್ರಾಂ ಮತ್ತು 612.36 ಗ್ರಾಂ ಆಗುವುದು. ಮಿತಿ ಮೀರಿದವರು ತಮ್ಮ ಸಂಪತ್ತಿನ ನಲವತ್ತರಲ್ಲಿ ಒಂದು ಪಾಲನ್ನು, ಎಂದರೆ ನೂರಕ್ಕೆ ಎರಡೂವರೆಯಂತೆ, ಕೊಡತಕ್ಕದ್ದು. ವಾಸದ ಮನೆ, ಉಡುವ ಬಟ್ಟೆ, ಕಸುಬಿನ ಸಲಕರಣೆ ಇವು ಲೆಕ್ಕಕ್ಕೆ ಬರುವುದಿಲ್ಲ. ಭಿವಂಡಿಯ ನೇಕಾರನ ಮಗ್ಗಕ್ಕೆ ಜಕಾತ್ ಇಲ್ಲ. ಮಾರಲಿಟ್ಟ ಬಟ್ಟೆಗೆ ಉಂಟು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಕಲ್ಯಾಣದ ಬಟ್ಟೆಯ ವ್ಯಾಪಾರಿಯೊಬ್ಬನ ಅಂಗಡಿಯಲ್ಲಿ ಮೂರು ಲಕ್ಷ ರೂಪಾಯಿಗಳ ಮಾಲು ಇದೆ. ಕೈಯಲ್ಲಿಯೂ ಬ್ಯಾಂಕಿನಲ್ಲಿಯೂ ಸೇರಿ 1,20,000 ರೂಪಾಯಿ ಇದೆ. ಖಾತ್ರಿಯಾಗಿ ಬರತಕ್ಕ ಬಾಕಿ 30,000 ರೂಪಾಯಿ. ಅವನು ತೀರಿಸಬೇಕಾದ ಸಾಲ 50,000 ರೂಪಾಯಿ. ಮೊದಲ ಮೂರನ್ನು ಕೂಡಿಸಿ ಸಾಲವನ್ನು ಕಳೆದರೆ ಉಳಿಯುವುದು ನಾಲ್ಕು ಲಕ್ಷ. ಅದರ ನಲವತ್ತನೆಯ ಒಂದು ಪಾಲು 10,000 ರೂಪಾಯಿ. ಇದು ಆ ವರ್ಷ ಅವನು ಕೊಡಬೇಕಾದ ಜಕಾತ್.

ಬೆಳೆಯ ಲೆಕ್ಕ ಬೇರೆ. ಮಳೆಯ ನೀರಿನಿಂದ ಬೆಳೆದ ಫಸಲಿನಲ್ಲಿ ಹತ್ತನೆಯ ಒಂದು ಪಾಲು. ಬಾವಿಯಿಂದ ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತನೆಯ ಒಂದು ಪಾಲು. ರೈತನ ದುಡಿಮೆ ಹೆಚ್ಚಿದಂತೆ ಕೊಡಬೇಕಾದ ಪಾಲು ಕಡಿಮೆಯಾಗುವುದು. ವಿಜಾಪುರ, ಕಲಬುರಗಿಗಳ ಮಳೆಯಾಶ್ರಿತ ಹೊಲಗಳನ್ನು ಬಲ್ಲ ನಮ್ಮ ಮಕ್ಕಳಿಗೆ ಈ ನಿಯಮದ ನ್ಯಾಯವು ಸುಲಭವಾಗಿ ಮನದಟ್ಟಾಗುವುದು.

ಪಡೆಯುವವರಾರು?

ಜಕಾತ್ ಯಾರಿಗೆ ಸಲ್ಲಬೇಕೆಂಬುದನ್ನು ಕುರಾನಿನ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದೆ. ಬಡವರು, ಏನೂ ಇಲ್ಲದ ದೀನರು, ಜಕಾತನ್ನು ಕೂಡಿಸಿ ಹಂಚುವವರು, ಯಾರ ಮನಸ್ಸನ್ನು ಧರ್ಮದೊಡನೆ ಬೆಸೆಯಬೇಕೋ ಅಂಥವರು, ಬಿಡುಗಡೆಯಾಗಬೇಕಾದ ದಾಸರು, ಸಾಲದಲ್ಲಿ ಮುಳುಗಿದವರು, ದೇವರ ಮಾರ್ಗದ ಕಾರ್ಯಗಳು, ದಾರಿಗರು—ಹೀಗೆ ಎಂಟು ಬಗೆ. ತಂದೆತಾಯಿಗಳಿಗೂ ಮಕ್ಕಳಿಗೂ ಜಕಾತ್ ಕೊಡುವಂತಿಲ್ಲ. ಅವರನ್ನು ಸಾಕುವುದು ಹೇಗೂ ತನ್ನ ಹೊಣೆಯೇ ಆಗಿರುವುದು. ಬಡತನದಲ್ಲಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಕೊಡಬಹುದು.

ಈ ಎಂಟರಲ್ಲಿ ದಾರಿಗನ ಸ್ಥಾನವು ವಲಸೆ ಬಂದ ನಮಗೆ ವಿಶೇಷವಾಗಿ ತಟ್ಟುವಂಥದು. ತನ್ನ ಊರಿನಲ್ಲಿ ಹೊಲಮನೆಗಳಿದ್ದವನೂ ಪರಊರಿನಲ್ಲಿ ಕೈ ಬರಿದಾಗಿ ನಿಂತರೆ ನೆರವಿಗೆ ಪಾತ್ರನಾಗುವನು. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನಿಗೆ ಒಳಗಾದಾಗ, ದುಡಿಮೆ ನಿಂತು, ಊರಿಗೆ ಹೋಗಲು ಗಾಡಿಯಿಲ್ಲದೆ ಈ ಪಟ್ಟಣಗಳಲ್ಲಿ ಸಿಕ್ಕಿಬಿದ್ದ ಕೂಲಿಕಾರರನ್ನು ನಾವು ಕಂಡಿದ್ದೇವೆ. ದಾರಿಗನೆಂಬ ಶಬ್ದದ ಅರ್ಥವನ್ನು ಆಗ ಯಾರೂ ಕೋಶದಲ್ಲಿ ಹುಡುಕಬೇಕಾಗಿರಲಿಲ್ಲ.

ಇಚಲಕರಂಜಿಯ ನಿದರ್ಶನ

ಅದೇ ವರ್ಷದ ಒಂದು ನಿದರ್ಶನವನ್ನು ನೆನೆಯಬೇಕು. ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿಯು ಕರ್ನಾಟಕದ ಗಡಿಗೆ ಹತ್ತಿರವಾದ, ಕನ್ನಡ ಮಾತು ಕಿವಿಗೆ ಬೀಳುವ, ವಿದ್ಯುತ್ ಮಗ್ಗಗಳ ಊರು. ರಂಜಾನ್ ಬಂದಾಗ ಮಗ್ಗಗಳ ಸದ್ದು ಅಡಗಿತ್ತು. ರೋಗದ ಭಯ ಎಲ್ಲೆಡೆ ಹರಡಿತ್ತು. ಅಲ್ಲಿನ ಮುಸಲ್ಮಾನ ಸಮಾಜದವರು ಆ ತಿಂಗಳಲ್ಲಿ ಕೂಡಿಸಿದ ಜಕಾತಿನ 36 ಲಕ್ಷ ರೂಪಾಯಿಗಳನ್ನು ಊರಿನ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆಗೆ ಕೊಟ್ಟರು. ಅದರಿಂದ ಹತ್ತು ಹಾಸಿಗೆಗಳ ತೀವ್ರ ನಿಗಾ ಘಟಕವು ಸಿದ್ಧವಾಯಿತು. ಈದ್ ಹಬ್ಬದ ಸಮಯದಲ್ಲಿ ಅಂದಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರು ದೂರದಿಂದಲೇ ಅದನ್ನು ಉದ್ಘಾಟಿಸಿದರು. ಆಸ್ಪತ್ರೆಯ ಹಾಸಿಗೆಯ ಮೇಲೆ ಉಸಿರಿಗಾಗಿ ಕಷ್ಟಪಡುವವನ ಜಾತಿಮತಗಳನ್ನು ಯಾರು ಕೇಳುವರು? ಹಬ್ಬದ ಹೊಸ ಬಟ್ಟೆಗಿಂತ ನೆರೆಯವನ ಉಸಿರು ದೊಡ್ಡದೆಂದು ಆ ಊರಿನವರು ತಿಳಿದರು.

ಫಿತ್ರಾ

ಜಕಾತಿನ ಜೊತೆಗೆ ಫಿತ್ರಾ ಎಂಬ ಇನ್ನೊಂದು ದಾನವಿದೆ. ಉಳ್ಳ ಕುಟುಂಬದ ಹಿರಿಯನು ತನ್ನ ಪರವಾಗಿಯೂ ಮನೆಯ ಮಕ್ಕಳ ಪರವಾಗಿಯೂ, ತೊಟ್ಟಿಲ ಕೂಸನ್ನೂ ಬಿಡದೆ, ತಲೆಗಿಷ್ಟು ಧಾನ್ಯವನ್ನೋ ಅದರ ಬೆಲೆಯನ್ನೋ ಬಡವರಿಗೆ ಕೊಡುವನು. ಉತ್ತರ ಕರ್ನಾಟಕದಲ್ಲಿ ಹೆಚ್ಚಾಗಿರುವ ಹನಫಿ ಪದ್ಧತಿಯವರು ಗೋಧಿಯಾದರೆ ಸುಮಾರು ಒಂದೂ ಮುಕ್ಕಾಲು ಕಿಲೋ ಲೆಕ್ಕ ಹಿಡಿಯುವರು. ಬ್ಯಾರಿಗಳು, ಭಟ್ಕಳದ ನವಾಯತರು, ನಮ್ಮ ಠಾಣೆ ಜಿಲ್ಲೆಯ ಕೊಂಕಣಿ ಮುಸಲ್ಮಾನರು ಶಾಫಿ ಪದ್ಧತಿಯವರು. ಅವರು ನಿತ್ಯ ಉಣ್ಣುವ ಅಕ್ಕಿಯನ್ನೇ ಎರಡೂವರೆ ಮೂರು ಕಿಲೋಗಳಷ್ಟು ಅಳೆದುಕೊಡುವರು. ಇದು ಈದಿನ ನಮಾಜಿಗೆ ಮೊದಲೇ ಬಡವನ ಮನೆಯನ್ನು ಸೇರಬೇಕು. ಹಬ್ಬದ ದಿನ ಯಾರೂ ಬೇಡುತ್ತ ಬೀದಿ ಅಲೆಯಬಾರದೆಂಬುದೇ ಇದರ ಉದ್ದೇಶ.

ಕೊಡುವ ರೀತಿ

ಈಗ ಈ ಪಾಠದ ಮುಖ್ಯ ವಿಷಯಕ್ಕೆ ಬಂದೆವು. ಶ್ರೀಮಂತನ ಧನದಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆಯೆಂದು ಕುರಾನು ಸಾರುತ್ತದೆ. ಹಕ್ಕು ಎಂಬ ಶಬ್ದವನ್ನು ಗಮನಿಸಿರಿ. ಜಕಾತ್ ಕೊಡುವವನು ತನ್ನದನ್ನು ಕೊಡುತ್ತಿಲ್ಲ. ತನ್ನಲ್ಲಿ ಉಳಿದಿದ್ದ ಪರರದನ್ನು ಹಿಂದಿರುಗಿಸುತ್ತಿದ್ದಾನೆ. ಸಾಲ ತೀರಿಸಿದವನು ಜಂಬ ಕೊಚ್ಚುವನೇ? ಕೊಟ್ಟ ಮೇಲೆ ಹಂಗಿಸಿ ನೋಯಿಸಿದರೆ ಆ ದಾನವೇ ವ್ಯರ್ಥವೆಂದೂ, ಅಂಥ ದಾನಕ್ಕಿಂತ ಒಂದು ಒಳ್ಳೆಯ ಮಾತು ಮೇಲೆಂದೂ ಆ ಗ್ರಂಥದ ಬೋಧೆ. ಬಲಗೈ ಕೊಟ್ಟುದು ಎಡಗೈಗೆ ತಿಳಿಯದಂತಿರಬೇಕೆಂದು ಪ್ರವಾದಿಗಳು ಉಪದೇಶಿಸಿರುವರು.

ಕನ್ನಡ ನಾಡಿಗೂ ಈ ವಿಚಾರವು ಪರಕೀಯವಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದಿಂದ ಗಳಿಸಿದುದನ್ನು ದಾಸೋಹಕ್ಕೆ ಸಲ್ಲಿಸಿದರು. ದಾಸೋಹವೆಂದರೆ 'ನಾನು ದಾಸನು' ಎಂಬ ಭಾವ. ಅಲ್ಲಿ ಕೊಡುವವನೇ ಸೇವಕನು. ಜೈನರು ಆಹಾರ, ಔಷಧ, ಅಭಯ, ಶಾಸ್ತ್ರವೆಂದು ನಾಲ್ಕು ದಾನಗಳನ್ನು ಹೇಳಿದರು. ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು.

ನಮ್ಮ ಕನ್ನಡ ಶಾಲೆಗಳಲ್ಲಿ ಓದುವ ಎಷ್ಟೋ ಮಕ್ಕಳಿಗೆ ಪುಸ್ತಕ, ಸಮವಸ್ತ್ರಗಳು ದಾನಿಗಳಿಂದಲೇ ದೊರೆಯುವುವು. ವೇದಿಕೆಯ ಮೇಲೆ ಹೆಸರು ಕೂಗಿ ಕರೆದಾಗ ತಲೆ ತಗ್ಗಿಸಿ ಬರುವ ಮಗುವನ್ನು ನಾವು ನೋಡಿದ್ದೇವೆ. ಆ ಮಗುವಿಗೆ ನಾವು ಹೇಳುವುದಿಷ್ಟೆ: ಮಗೂ, ತಲೆಯೆತ್ತಿ ನಡೆ. ಓದುವುದು ನಿನ್ನ ಹಕ್ಕು; ನಾಳೆ ಗಳಿಸುವಾಗ ಮತ್ತೊಬ್ಬರ ಪಾಲನ್ನು ಮರೆಯದಿರುವುದು ನಿನ್ನ ಕರ್ತವ್ಯ. ಕೊಡುವ ಮನೆಯ ಮಗುವಿಗೂ ಒಂದು ಮಾತು: ಕೊಟ್ಟುದನ್ನು ತರಗತಿಯಲ್ಲಿ ಆಡಿಕೊಳ್ಳಬೇಡ.

ಹಣವಿಲ್ಲದವರು ಏನು ಕೊಡಬಲ್ಲರು? ಇಸ್ಲಾಮಿನಲ್ಲಿ ಸದಕಾ ಎಂಬ ಸ್ವೇಚ್ಛಾದಾನಕ್ಕೆ ಮಿತಿಯೂ ಇಲ್ಲ, ಹಣವೇ ಆಗಬೇಕೆಂಬುದೂ ಇಲ್ಲ. ನಗುಮುಖದಿಂದ ಮಾತನಾಡಿಸುವುದೂ ಸದಕಾ. ದಾರಿಯಲ್ಲಿ ಬಿದ್ದ ಮುಳ್ಳನ್ನು ತೆಗೆಯುವುದೂ ಸದಕಾ. ಪ್ಲಾಟ್‌ಫಾರ್ಮಿನ ಮೇಲೆ ಬಿದ್ದ ಬಾಳೆಯ ಸಿಪ್ಪೆಯನ್ನು ಬದಿಗೆ ಸರಿಸಿದ ವಿದ್ಯಾರ್ಥಿಯೂ ಈ ಲೆಕ್ಕದಲ್ಲಿ ದಾನಿಯೇ. ರೋಜಾ ಹಿಡಿದ ಸಹಪಾಠಿಯನ್ನು ಆಟದ ವೇಳೆಯಲ್ಲಿ ಬಿಸಿಲಿಗೆ ಎಳೆಯದೆ, ಅವನ ಪಕ್ಕದಲ್ಲಿ ನೆರಳಿನಲ್ಲಿ ಒಂದು ಗಳಿಗೆ ಕುಳಿತವನೂ ಅಷ್ಟೇ. ಇಂಥ ದಾನವನ್ನು ಇಂದೇ ಆರಂಭಿಸಬಹುದು.

ಅಭ್ಯಾಸ

1. ರೋಜಾದಿಂದ ವಿನಾಯಿತಿ ಪಡೆದವರು ಯಾರು? ಅವರು ಅದಕ್ಕೆ ಬದಲಾಗಿ ಏನು ಮಾಡಬೇಕು?
2. ರಂಜಾನ್ ತಿಂಗಳು ಎಲ್ಲ ಋತುಗಳಲ್ಲಿಯೂ ಬರಲು ಕಾರಣವೇನು?
3. ಆರು ಮಂದಿಯ ಕುಟುಂಬವು ತಲೆಗೆ ಒಂದೂ ಮುಕ್ಕಾಲು ಕಿಲೋ ಗೋಧಿಯಂತೆ ಫಿತ್ರಾ ಕೊಟ್ಟರೆ ಒಟ್ಟು ಎಷ್ಟಾಗುವುದು?
4. 'ಜಕಾತ್ ಬಡವನ ಹಕ್ಕು, ಶ್ರೀಮಂತನ ಉಪಕಾರವಲ್ಲ'—ಈ ಮಾತನ್ನು ದಾಸೋಹದ ತತ್ತ್ವದೊಡನೆ ಹೋಲಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.