ಮೌಂಟಿನ ಲೆಕ್ಕವೂ ಅಕ್ಕಿ ಮೂಟೆಯೂ

ಕಾಮರ್ಸಿನವನಿಗೆ ಕಂಪ್ಯೂಟರಿನ ಕರ್ನಲ್ ಉಸಾಬರಿ ಯಾಕೆ ಅಂತ ಸ್ನೇಹಿತರು ನಗುತ್ತಾರೆ. ನಗಲಿ. ಆಡಿಟಿಂಗ್ ಪಾಠದಲ್ಲಿ ತಲೆಗೆ ಹತ್ತದ ಒಂದು ಸಂಗತಿ ಲಿನಕ್ಸಿನ ಕೋಡ್ ಓದಿದಾಗ ಹತ್ತಿತು. ಅದನ್ನೇ ಬರೆಯುತ್ತಿದ್ದೇನೆ.

ಪೆನ್ ಡ್ರೈವ್ ಚುಚ್ಚಿದರೆ ಅದರ ಫೈಲುಗಳೆಲ್ಲ ಒಂದು ಫೋಲ್ಡರಿನಡಿ ಬಂದು ಕೂರುತ್ತವಷ್ಟೆ. ಹೀಗೆ ಕೂರಿಸುವುದಕ್ಕೆ ಮೌಂಟ್ ಅಂತ ಹೆಸರು, ಇಳಿಸುವುದಕ್ಕೆ ಅನ್‌ಮೌಂಟ್. ಅದರೊಳಗಿನ ಫೈಲನ್ನು ಯಾರಾದರೂ ತೆರೆದಿಟ್ಟಿದ್ದರೆ ಇಳಿಸಲು ಹೋದಾಗ ‘ಬ್ಯುಸಿ’ ಅನ್ನುತ್ತದೆ. ಅದಕ್ಕೆ ಹೇಗೆ ಗೊತ್ತು? ಪ್ರತಿ ಮೌಂಟಿಗೂ ಒಂದು ರೆಫರೆನ್ಸ್ ಲೆಕ್ಕವಿದೆ. ಬಳಸುವವನು ಬಂದಾಗ ‘ಎಂಎನ್‌ಟಿಗೆಟ್’ ಒಂದು ಕೂಡಿಸುತ್ತದೆ, ಹೋದಾಗ ‘ಎಂಎನ್‌ಟಿಪುಟ್’ ಒಂದು ಕಳೆಯುತ್ತದೆ. ಸೊನ್ನೆಯಾಯಿತೋ, ಆ ಮೌಂಟಿನ ಋಣ ತೀರಿತು.

ಎಲ್ಲ ಪ್ರೊಸೆಸರುಗಳೂ ಒಂದೇ ಖಾತೆಪುಸ್ತಕಕ್ಕೆ ಮುಗಿಬಿದ್ದರೆ ಕೆಲಸ ನಿಧಾನ. ಅದಕ್ಕೆ 2011ರ 2.6.38ನೇ ಆವೃತ್ತಿಯಲ್ಲಿ ಪ್ರೊಸೆಸರಿಗೊಂದು ಪುಸ್ತಕ ಮಾಡಿದರು. ಒಂದರಲ್ಲಿ ಕೂಡಿಸಿ ಇನ್ನೊಂದರಲ್ಲಿ ಕಳೆಯಬಹುದು. ಒಂದು ಪುಸ್ತಕದಲ್ಲಿ ಮೈನಸ್ ಬಂದರೂ ಚಿಂತೆಯಿಲ್ಲ, ಒಟ್ಟು ಮೊತ್ತ ಸರಿಯಿದ್ದರಾಯಿತು. ಆದರೆ ಆ ಮೊತ್ತ ತೆಗೆಯುವುದು ಹೇಗೆ?

ಇಲ್ಲಿ ನನ್ನದೊಂದು ಕಥೆ ಹೇಳಬೇಕು. ರಜೆಯಲ್ಲಿ ಒಂದು ಅಂಗಡಿಯ ದಾಸ್ತಾನು ಎಣಿಸಲು ಹೋಗಿದ್ದೆ. ಎರಡು ಕೋಣೆ. ಮೊದಲನೆಯದು ಎಣಿಸಿ ಬರೆದುಕೊಂಡೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಹಮಾಲಿ ಅಲ್ಲಿಂದ ಒಂದು ಅಕ್ಕಿ ಮೂಟೆ ಹೊತ್ತು ಮೊದಲನೇ ಕೋಣೆಗೆ ಹಾಕಿದ್ದ. ನನ್ನ ಲೆಕ್ಕದಲ್ಲಿ ಒಂದು ಮೂಟೆ ಕಡಿಮೆ! ಅನುಮಾನ ಬಿದ್ದದ್ದು ಅವನ ಮೇಲೆ. ಮಾರನೇ ದಿನ ಬಾಗಿಲು ಹಾಕಿ ಎಣಿಸಿದರೆ ಸರಿಯಿತ್ತು. ಅವನು ಮಾತ್ರ ಕೆಲಸಕ್ಕೆ ಮತ್ತೆ ಬರಲಿಲ್ಲ.

2018ರ ಆಗಸ್ಟಿನಲ್ಲಿ ಆಲ್ ವಿರೋ ಅವರು ಸರಿಪಡಿಸಿದ ದೋಷ ಥೇಟ್ ಇದೇ. ಮರದಿಂದ ಕಿತ್ತಿಟ್ಟ ಒಂದು ಮೌಂಟು. ಎರಡು ಫೈಲು ತೆರೆದಿರುವುದರಿಂದ ಇನ್ನೂ ಜೀವ ಹಿಡಿದಿದೆ. ಒಬ್ಬನು ಒಂದು ಫೈಲ್ ಮುಚ್ಚಿ, ಒಂದು ಕಳೆದು, ಬೀಗ ಹಿಡಿದು ಪುಸ್ತಕಗಳನ್ನು ಕೂಡುತ್ತಾ ಹೋಗುತ್ತಾನೆ. ಮೊದಲ ಪುಸ್ತಕ ನೋಡಿಯಾದ ಮೇಲೆ ಇನ್ನೊಬ್ಬನು ಅದರಲ್ಲಿ ಒಂದು ಕೂಡಿಸಿ, ಬೇರೆ ಪ್ರೊಸೆಸರಿಗೆ ವರ್ಗವಾಗಿ, ಅಲ್ಲಿ ಒಂದು ಕಳೆಯುತ್ತಾನೆ. ಎಣಿಸುವವನಿಗೆ ಕಳೆದದ್ದು ಕಂಡಿತು, ಕೂಡಿಸಿದ್ದು ಕಾಣಲಿಲ್ಲ. ಒಂದು ಬರಬೇಕಾದಲ್ಲಿ ಸೊನ್ನೆ. ಎರಡನೇ ಫೈಲ್ ತೆರೆದಿರುವಾಗಲೇ ಮೌಂಟು ಮೆಮೊರಿಯಿಂದ ಖಾಲಿ! ಬೀಗ ಇರಲಿಲ್ಲವೆಂದಲ್ಲ. ಎಣಿಕೆ ಬೀಗದೊಳಗೆ, ಕೂಡಿಸುವುದು ಕಳೆಯುವುದು ಹೊರಗೆ. ನನ್ನ ಕೈಯಲ್ಲೂ ಕೀಲಿಕೈ ಇತ್ತು ಬಿಡಿ.

ಪರಿಹಾರ ಇಷ್ಟೇ: ಕಳೆಯುವುದನ್ನೂ ‘ಮೌಂಟ್ ಲಾಕ್’ ಒಳಗೆ ತಂದರು. ಪ್ರತಿ ಸಲ ಬೀಗ ಹಿಡಿದರೆ 2011ರ ಲಾಭವೆಲ್ಲ ಹೋಗುತ್ತದಲ್ಲ? ಅದಕ್ಕೂ ದಾರಿಯಿದೆ. ಮೌಂಟು ಇನ್ನೂ ಮರದಲ್ಲಿದ್ದರೆ ಮರದ್ದೇ ಒಂದು ಪಾಲು ಲೆಕ್ಕದಲ್ಲಿರುತ್ತದೆ. ಸೊನ್ನೆಯಾಗುವ ಮಾತೇ ಇಲ್ಲ, ಬೀಗವಿಲ್ಲದೆ ಕಳೆಯಬಹುದು. ಕೀಳುವವನು ಕೂಡ ಹೀಗೆ ನಡುವೆ ಇರುವವರು ಮುಗಿಸುವ ತನಕ ಕಾದು (ಇದಕ್ಕೆ ಆರ್‌ಸಿಯು ಅನ್ನುತ್ತಾರೆ) ಆಮೇಲಷ್ಟೇ ಮರದ ಪಾಲನ್ನು ಬಿಡುತ್ತಾನೆ. ಕಿತ್ತಿಟ್ಟ ಮೌಂಟಿಗೆ ಮಾತ್ರ ಬೀಗ.

ಕೂಡಿಸುವುದು ಈಗಲೂ ಬೀಗದ ಹೊರಗೇ ನಡೆಯುತ್ತದೆ. ಇದು ಇನ್ನೊಂದು ತಪ್ಪು ಅಂತ ಎರಡು ದಿನ ಹಿಗ್ಗಿದ್ದೆ. ಆಮೇಲೆ ಹೊಳೆಯಿತು: ಕೂಡಿಸುವವನ ಕೈಯಲ್ಲಿ ಆಗಲೇ ಒಂದು ಪಾಲಿದೆ, ಬೀಗ ನನ್ನ ಹತ್ತಿರ ಇರುವ ತನಕ ಅದನ್ನು ಅವನು ಬಿಡಲಾರ. ಅವನ ಹೊಸ ಒಂದು ನನಗೆ ಕಾಣದಿದ್ದರೂ ಹಳೆಯ ಒಂದು ಸಿಕ್ಕೇ ಸಿಗುತ್ತದೆ.

ಬೀಗಗಳ ಸರದಿಯನ್ನೂ ನೋಡಬೇಕು. ‘ನೇಮ್‌ಸ್ಪೇಸ್ ಸೆಮ್’ ಹಿಡಿದವನು ನಿದ್ದೆ ಮಾಡಬಹುದು, ‘ಮೌಂಟ್ ಲಾಕ್’ ಹಿಡಿದವನು ಮಾಡಕೂಡದು. ಆದ್ದರಿಂದ ಮೊದಲು ಅದು, ಒಳಗೆ ಇದು. ಇಳಿಸಿದ ಮೌಂಟುಗಳನ್ನು ಒಂದು ಪಟ್ಟಿಯಲ್ಲಿ ಕಟ್ಟಿಟ್ಟುಕೊಂಡು, ಎರಡೂ ಬೀಗ ಬಿಟ್ಟ ಮೇಲೆಯೇ ಅವುಗಳ ಪಾಲು ಕಳೆಯುತ್ತಾರೆ. ಕಳೆಯುವ ಸಾಲು ಎಲ್ಲಿ ಕಂಡರೂ ನಾನೀಗ ಹತ್ತು ಸಾಲು ಮೇಲಕ್ಕೆ ಹೋಗಿ, ಆ ಹೊತ್ತಿಗೆ ಕೈಯಲ್ಲಿ ಯಾವ ಬೀಗ ಇದೆ ಅಂತ ನೋಡಿಯೇ ಕೆಳಗಿಳಿಯುತ್ತೇನೆ.